ಮೂವತ್ತೊಂದನೇ ದಿನ

2017ರಲ್ಲಿ ಶುರುವಾದ ದುಬೈ ಫಿಟ್‌ನೆಸ್ ಚಾಲೆಂಜ್‌ನ ಲೆಕ್ಕ ಸುಲಭ: 30 ದಿನ, ದಿನಕ್ಕೆ 30 ನಿಮಿಷ. ಶೇಖ್ ಝಾಯೆದ್ ರಸ್ತೆಯನ್ನೇ ಓಟಕ್ಕೆ ಬಿಟ್ಟುಕೊಡುವಾಗ ಉತ್ಸಾಹಕ್ಕೇನು ಬರ? ನಮ್ಮ ಮನೆಯಲ್ಲಿ ಪ್ರತಿ ವರ್ಷ ಎಡವುತ್ತಿದ್ದದ್ದು 31ನೇ ದಿನ.

ಕಳೆದ ವರ್ಷ ಡಾಕ್ಟರು ನನ್ನ ಶುಗರ್ ಗಡಿಗೆ ಬಂದಿದೆ ಎಂದರು. ಆಗ ಮಗಳ ಜೊತೆ ಒಪ್ಪಂದವಾಯಿತು: ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನಡಿಗೆ, ಆ ಹೊತ್ತು ಬರೀ ಕನ್ನಡ. ಶಾಲೆಯ ಜಗಳ, ದಾರಿಯ ಬೆಕ್ಕು, ನನ್ನ ಊರಿನ ಕಥೆ ಎಲ್ಲವೂ. ಪದ ಸಿಗದಿದ್ದರೆ ಮರುದಿನ ಅಜ್ಜಿಗೆ ಫೋನು. ಬೇಸಿಗೆಯಲ್ಲಿ ಮಾಲ್‌ನೊಳಗೇ ಸುತ್ತು. ಐಸ್‌ಕ್ರೀಂ ಅಂಗಡಿ ದಾಟುವುದೇ ದೊಡ್ಡ ವ್ಯಾಯಾಮ!

ಈಗ ನಾನು ಸೋಫಾಕ್ಕೆ ಒರಗಿದರೆ ಅವಳೇ ಶೂ ತಂದಿಡುತ್ತಾಳೆ. "ಏಳಪ್ಪಾ, ನಿನ್ನೆ ಕಥೆ ಅರ್ಧಕ್ಕೇ ನಿಂತಿದೆ."