ಕದಡಿದ ನೀರಿನ ಚಿತ್ರಗಳನ್ನು ತಿಳಿಗೊಳಿಸುವ ಬಗೆ

ಮಳೆಗಾಲದಲ್ಲಿ ನೀರು ಕದಡಿದಾಗ ನಮ್ಮ ಹಿರಿಯರು ಕತಕ ಬೀಜವನ್ನು, ಅಂದರೆ ಚಿಲ್ಲದ ಬೀಜವನ್ನು, ಕಲ್ಲಿನ ಮೇಲೆ ತೇದು ಕೊಡದ ನೀರಿಗೆ ಬೆರೆಸುತ್ತಿದ್ದರು. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿದು, ಮೇಲಿನ ನೀರು ತಿಳಿಯಾಗುತ್ತಿತ್ತು. ಕದಡಿದ ನೀರಿನೊಳಗೆ ತೆಗೆದ ಛಾಯಾಚಿತ್ರಕ್ಕೂ ಇಂತಹ ಕತಕ ಬೀಜವೊಂದು ಇದೆಯೇ? ಇದ್ದರೆ ಅದರ ಶಕ್ತಿ ಎಷ್ಟು, ಮಿತಿ ಎಲ್ಲಿಯವರೆಗೆ? ಇದನ್ನು ನಾಲ್ಕು ಮಾತುಗಳಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು ಸೇತುವೆಯ ಕಂಬ, ಅಣೆಕಟ್ಟಿನ ಬಾಗಿಲು ಮೊದಲಾದವುಗಳ ನೀರಿನೊಳಗಿನ ಭಾಗವನ್ನು ಚಿತ್ರೀಕರಿಸಿ ಎಂಜಿನಿಯರುಗಳಿಗೆ ಒಪ್ಪಿಸುವ ವೃತ್ತಿಯಲ್ಲಿದ್ದೇನೆ. ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ನನ್ನ ವೃತ್ತಿಯ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದ್ದಾರೆ. ಹಗಲೆಲ್ಲ ಮಲೆಯಾಳ ಮತ್ತು ಇಂಗ್ಲಿಷುಗಳಲ್ಲಿ ನಡೆಯುವ ಕೆಲಸವನ್ನು ಕನ್ನಡದಲ್ಲಿ ಹೇಳುವ ಅವಕಾಶ ಒದಗಿದ್ದು ನನಗೆ ಸಂತೋಷವನ್ನುಂಟುಮಾಡಿದೆ. ಆಟಿ ತಿಂಗಳಿನಲ್ಲಿ ಚಂದ್ರಗಿರಿ ಹೊಳೆಯನ್ನು ಕಂಡ ಕಾಸರಗೋಡಿನವರಿಗೆ ಕದಡಿದ ನೀರೆಂದರೇನೆಂದು ಬಣ್ಣಿಸುವ ಅಗತ್ಯವಿಲ್ಲ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಮುರಕಲ್ಲಿನ ನಾಡಿನಲ್ಲಿ ಹರಿದು ಬರುವ ಆ ಹೊಳೆ ಆಗ ಕೆಂಪು ಮಣ್ಣನ್ನೇ ಹೊತ್ತು ತರುತ್ತದೆ.

ನೀರು ಚಿತ್ರವನ್ನು ಎರಡು ಬಗೆಯಲ್ಲಿ ಕೆಡಿಸುತ್ತದೆ. ಮೊದಲನೆಯದು ಹೀರಿಕೆ. ತಿಳಿಯಾದ ಕಡಲಿನಲ್ಲಿಯೂ ಕೆಂಪು ಬೆಳಕು ಮೊದಲ ಕೆಲವು ಮೀಟರುಗಳಲ್ಲಿಯೇ ಬಹುಮಟ್ಟಿಗೆ ಅಳಿದುಹೋಗಿ, ನೀಲಿ ಮಾತ್ರ ಆಳಕ್ಕೆ ಇಳಿಯುತ್ತದೆ. ಹೊಳೆ, ಕೆರೆಗಳಲ್ಲಿ ಕೊಳೆತ ಎಲೆಗಳ ಸಾರ ಕರಗಿರುವುದರಿಂದ ನೀಲಿಯೂ ಬೇಗನೆ ನಶಿಸಿ, ಚಿತ್ರ ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ಮೀಟರು ನೀರು ಬೆಳಕಿನ ಅರ್ಧವನ್ನು ನುಂಗುತ್ತದೆಯೆಂದು ಭಾವಿಸೋಣ. ಎರಡು ಮೀಟರು ದಾಟಿದಾಗ ಕಾಲುಭಾಗ, ಮೂರು ಮೀಟರು ದಾಟಿದಾಗ ಎಂಟರಲ್ಲಿ ಒಂದು ಭಾಗ ಮಾತ್ರ ಉಳಿಯುತ್ತದೆ. ನಮ್ಮದೇ ದೀಪವನ್ನು ಬಳಸಿದರೆ ಬೆಳಕು ಹೋಗಿ ಮರಳಿ ಬರಬೇಕಾದುದರಿಂದ ಈ ನಷ್ಟ ಇನ್ನೂ ಹೆಚ್ಚು.

ಎರಡನೆಯದು ಚದರಿಕೆ. ಗಾಜಿನ ಲೋಟದ ನೀರಿಗೆ ಕೆಲವೇ ಹನಿ ಹಾಲು ಬೆರೆಸಿ, ಕತ್ತಲೆಯ ಕೋಣೆಯಲ್ಲಿ ಟಾರ್ಚು ಬೆಳಗಿಸಿ ನೋಡಿರಿ. ಲೋಟದ ಆಚೆಗಿರುವ ವಸ್ತು ಮಸುಕಾಗಿ, ನೀರೇ ಬಿಳಿಯಾಗಿ ಹೊಳೆಯುತ್ತದೆ. ಟಾರ್ಚನ್ನು ಕಣ್ಣಿನ ಪಕ್ಕದಿಂದ ದೂರ ಸರಿಸಿ ಓರೆಯಾಗಿ ಹಿಡಿದರೆ ಆ ಬಿಳಿಪು ಕಡಮೆಯಾಗುತ್ತದೆ. ಮಣ್ಣಿನ ಕಣಗಳು ಮಾಡುವುದೂ ಇದನ್ನೇ. ವಸ್ತುವಿನಿಂದ ಬರಬೇಕಾದ ಬೆಳಕನ್ನು ದಾರಿ ತಪ್ಪಿಸುತ್ತವೆ. ಜೊತೆಗೆ ದೀಪದ ಬೆಳಕನ್ನು ನೇರವಾಗಿ ಕ್ಯಾಮೆರಾದತ್ತ ಹಿಮ್ಮೆಟ್ಟಿಸಿ, ಚಿತ್ರದ ಮೇಲೆ ಮಂಜಿನ ಪರದೆಯನ್ನೂ ಬಿಳಿ ಚುಕ್ಕೆಗಳನ್ನೂ ಹರಡುತ್ತವೆ.

ಆದುದರಿಂದ ಚಿತ್ರವನ್ನು ತಿದ್ದುವ ಕೆಲಸ ನೀರಿನೊಳಗೇ ಆರಂಭವಾಗುತ್ತದೆ. ವಸ್ತುವಿಗೆ ಸಾಧ್ಯವಾದಷ್ಟು ಹತ್ತಿರ ಹೋಗಬೇಕು. ಹತ್ತಿರದಿಂದಲೇ ವಿಶಾಲವಾಗಿ ಕಾಣುವ ಮಸೂರವನ್ನು ಬಳಸಬೇಕು. ದೀಪಗಳನ್ನು ಕ್ಯಾಮೆರಾದಿಂದ ದೂರಕ್ಕೆ, ಎರಡು ಪಕ್ಕಗಳಲ್ಲಿ ಹಿಡಿಯಬೇಕು. ವಸ್ತುವಿನ ಪಕ್ಕದಲ್ಲಿ, ಅದೇ ದೂರದಲ್ಲಿ, ಬೂದುಬಣ್ಣದ ಒಂದು ಹಲಗೆಯನ್ನೂ ಅಳತೆಪಟ್ಟಿಯನ್ನೂ ಇಡಬೇಕು. ಚಿತ್ರವನ್ನು ಜೆಪೆಗ್ ರೂಪದ ಬದಲಾಗಿ ರಾ ರೂಪದಲ್ಲಿ ಉಳಿಸಬೇಕು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಿದ್ದರೆ, 14 ಬಿಟ್‌ನ ರಾ ಚಿತ್ರದಲ್ಲಿ 16,384 ಮೆಟ್ಟಿಲುಗಳಿರುತ್ತವೆ. ಕದಡಿದ ನೀರಿನ ಚಿತ್ರದ ಛಾಯೆಗಳೆಲ್ಲ ಕೆಲವೇ ಮೆಟ್ಟಿಲುಗಳ ನಡುವೆ ಒತ್ತಿ ನಿಂತಿರುತ್ತವೆ. ಅವನ್ನು ಎಳೆದು ಹರಡುವಾಗ ಮೆಟ್ಟಿಲುಗಳು ಸಾಲದಿದ್ದರೆ ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ. ಇಂದಿನ ಅನೇಕ ಮೊಬೈಲ್ ಫೋನುಗಳಲ್ಲಿಯೂ ರಾ ಸೌಲಭ್ಯವಿರುವುದರಿಂದ ಈ ಸೂಚನೆ ಹವ್ಯಾಸಿಗಳಿಗೂ ಅನ್ವಯಿಸುತ್ತದೆ.

ಇನ್ನು ಕಂಪ್ಯೂಟರಿನ ಮುಂದೆ. ಮೂಲ ಚಿತ್ರವನ್ನು ಮುಟ್ಟದೆ ಪ್ರತ್ಯೇಕವಾಗಿ ತೆಗೆದಿಟ್ಟು, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡುವುದು ಮೊದಲ ನಿಯಮ. ಅನಂತರ ಬೂದು ಹಲಗೆಯನ್ನು ಆಧಾರವಾಗಿಟ್ಟುಕೊಂಡು ಬಣ್ಣಗಳ ಸಮತೋಲವನ್ನು ಸರಿಪಡಿಸಬೇಕು. ಹಲಗೆ ಬೂದಾಗಿ ಕಂಡರೆ ಅದರ ಪಕ್ಕದ ವಸ್ತುವೂ ಬಹುಮಟ್ಟಿಗೆ ನಿಜವರ್ಣಕ್ಕೆ ಬರುತ್ತದೆ. ಕೆಂಪನ್ನು ಮಿತಿಮೀರಿ ಹೆಚ್ಚಿಸಿದರೆ ಕೆಂಪು ಕಾಳುಗಳು ಮಾತ್ರ ಏಳುತ್ತವೆ. ಕೆಂಪು ಪೂರ್ಣವಾಗಿ ಅಳಿದಿದ್ದರೆ ಚಿತ್ರವನ್ನು ಕಪ್ಪು-ಬಿಳುಪಿಗೆ ಪರಿವರ್ತಿಸುವುದೇ ಲೇಸು. ಸೇತುವೆಯ ಬಿರುಕನ್ನು ಗುರುತಿಸಲು ಬಣ್ಣ ಬೇಕಾಗಿಲ್ಲ.

ಮೂರನೆಯ ಹಂತ, ಪರದೆಯನ್ನು ಸರಿಸುವುದು. ಮಂಜು ಕವಿದ ಚಿತ್ರದಲ್ಲಿ ನಿಜವಾದ ಕಪ್ಪು ಇರುವುದಿಲ್ಲ. ಅತ್ಯಂತ ಕಪ್ಪಾಗಬೇಕಾದ ಜಾಗವೂ ಬೂದಾಗಿರುತ್ತದೆ. ಆ ಬೂದನ್ನು ಕಪ್ಪಿಗೆ ಇಳಿಸಿ ಉಳಿದ ಛಾಯೆಗಳನ್ನು ಹರಡಬೇಕು. ಚಿತ್ರದ ಒಂದು ಭಾಗ ಹತ್ತಿರ, ಇನ್ನೊಂದು ಭಾಗ ದೂರ ಇರುವಾಗ ಇಡೀ ಚಿತ್ರಕ್ಕೆ ಒಂದೇ ಅಳತೆ ಸಲ್ಲದು. ಚಿತ್ರವನ್ನು ಚಿಕ್ಕ ಚೌಕಗಳಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ಮಿತಿಯೊಳಗೆ ವ್ಯತ್ಯಾಸವನ್ನು ಹೆಚ್ಚಿಸುವ ಸಾಧನಗಳಿವೆ. ಕೊನೆಯಲ್ಲಿ ಕಾಳುಗಳನ್ನು ತಗ್ಗಿಸಿ, ಅಂಚುಗಳನ್ನು ಸ್ವಲ್ಪವೇ ಹರಿತಗೊಳಿಸಬೇಕು.

ಬಿಳಿ ಚುಕ್ಕೆಗಳನ್ನು ನೀಗಲು ನನಗೆ ಅತ್ಯಂತ ಪ್ರಿಯವಾದ ಉಪಾಯವೊಂದಿದೆ. ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ ಒಂದೇ ಜಾಗದ ಹತ್ತು ಚಿತ್ರಗಳನ್ನು ತೆಗೆಯುತ್ತೇನೆ. ಕಂಬ ಚಲಿಸುವುದಿಲ್ಲ; ಕಣಗಳು ತೇಲುತ್ತ ಸರಿಯುತ್ತವೆ. ಪ್ರತಿ ಬಿಂದುವಿನಲ್ಲಿಯೂ ಹತ್ತು ಚಿತ್ರಗಳ ಮಧ್ಯದ ಬೆಲೆಯನ್ನು ಆಯ್ದುಕೊಂಡರೆ ಕಣಗಳು ಬಹುಪಾಲು ಮಾಯವಾಗಿ ಕಂಬ ಉಳಿಯುತ್ತದೆ. ಇಲ್ಲಿ ಒಂದು ಚಿತ್ರದಲ್ಲಿ ಮರೆಯಾದುದನ್ನು ಮತ್ತೊಂದು ಚಿತ್ರ ತೋರಿಸಿಕೊಟ್ಟಿದೆ, ಊಹೆಗೆ ಎಡೆಯಿಲ್ಲ.

ಈ ಕ್ಷೇತ್ರದಲ್ಲಿ 2019ರಲ್ಲಿ ಡೆರ್ಯಾ ಅಕ್ಕಾಯ್ನಾಕ್ ಮತ್ತು ತಾಲಿ ಟ್ರೈಬಿಟ್ಜ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ‘ಸೀ-ಥ್ರೂ’ ಎಂಬ ವಿಧಾನ ಗಮನಾರ್ಹವಾದುದು. ಚಿತ್ರದ ಪ್ರತಿಯೊಂದು ಬಿಂದು ಎಷ್ಟು ದೂರದಲ್ಲಿದೆಯೆಂದು ತಿಳಿದುಕೊಂಡು, ಆ ದೂರದ ನೀರು ಎಷ್ಟು ಬೆಳಕನ್ನು ಕಳೆದಿದೆ, ಎಷ್ಟನ್ನು ಕೂಡಿಸಿದೆ ಎಂದು ಬಣ್ಣಬಣ್ಣಕ್ಕೂ ಲೆಕ್ಕಹಾಕಿ ಅದನ್ನು ಹಿಂತಿರುಗಿಸುವ ಕ್ರಮವಿದು. ಆದರೆ ಬೆಳಕೇ ಬಂದು ತಲುಪದ ಕಡೆ ಯಾವ ಲೆಕ್ಕವೂ ಫಲಿಸದು. ಕತಕ ಬೀಜ ನೀರಿನಿಂದ ಮಣ್ಣನ್ನು ನಿಜವಾಗಿಯೂ ಬೇರ್ಪಡಿಸುತ್ತದೆ. ಕಂಪ್ಯೂಟರು ಕ್ಯಾಮೆರಾಕ್ಕೆ ದಕ್ಕಿದ ಬೆಳಕನ್ನು ಸರಿಯಾಗಿ ಓದಿಕೊಡಬಲ್ಲುದೇ ಹೊರತು ದಕ್ಕದ ಬೆಳಕನ್ನು ತಂದುಕೊಡಲಾರದು.

ಇಲ್ಲಿಯೇ ಇಂದಿನ ಅಪಾಯವೂ ಅಡಗಿದೆ. ಕೃತಕ ಬುದ್ಧಿಮತ್ತೆಯ ಕೆಲವು ಸಾಧನಗಳು ಮಸುಕಾದ ಜಾಗವನ್ನು ತಾವು ಕಲಿತ ಬೇರೆ ಚಿತ್ರಗಳ ಮಾದರಿಯಲ್ಲಿ ತುಂಬಿಸಿಬಿಡುತ್ತವೆ. ನೋಟಕ್ಕೆ ಅದು ಅತಿ ಸೊಗಸು. ಆದರೆ ಹಾಗೆ ತುಂಬಿದ ನುಣುಪಾದ ಕಾಂಕ್ರೀಟಿನ ಹಿಂದೆ ನಿಜವಾದ ಬಿರುಕು ಮುಚ್ಚಿಹೋಗಬಹುದು. ಇಲ್ಲವೇ ಇಲ್ಲದ ಬಿರುಕು ಮೂಡಬಹುದು. ಎಂಜಿನಿಯರು ಆ ಚಿತ್ರವನ್ನು ನಂಬಿ ಸೇತುವೆಯ ಮೇಲೆ ಬಸ್ಸು ಬಿಡಬಹುದೇ ಎಂದು ನಿರ್ಧರಿಸುತ್ತಾನೆ. ಆ ಬಸ್ಸಿನಲ್ಲಿ ನಮ್ಮ ಮಕ್ಕಳೇ ಶಾಲೆಗೆ ಹೋಗುವವರು. ಆದಕಾರಣ ತಿದ್ದಿದ ಚಿತ್ರದಲ್ಲಿ ಕಾಣುವ ಯಾವ ಗೆರೆಯನ್ನೂ ಮೂಲ ಚಿತ್ರದಲ್ಲಿ, ಅಥವಾ ಬೇರೊಂದು ಕೋನದಿಂದ ತೆಗೆದ ಚಿತ್ರದಲ್ಲಿ, ಮತ್ತೊಮ್ಮೆ ಕಾಣದೆ ನಾನು ಬಿರುಕೆಂದು ಗುರುತಿಸುವುದಿಲ್ಲ. ಮಾಡಿದ ತಿದ್ದುಪಡಿಗಳನ್ನೆಲ್ಲ ಕ್ರಮವಾಗಿ ಬರೆದು, ಮೂಲದ ಜೊತೆಗೇ ಒಪ್ಪಿಸುತ್ತೇನೆ. ಏನೂ ಕಾಣದಿದ್ದಲ್ಲಿ ‘ಕಾಣುವುದಿಲ್ಲ’ ಎಂದೇ ಬರೆಯುತ್ತೇನೆ. ಕೈಯಿಂದ ಮುಟ್ಟಿ ಪರೀಕ್ಷಿಸಿರಿ, ಇಲ್ಲವೇ ಹೊಳೆ ತಿಳಿಯಾಗುವ ಚಳಿಗಾಲದವರೆಗೆ ಕಾಯಿರಿ ಎಂದು ಹೇಳಲು ಅದರಿಂದ ದಾರಿಯಾಗುತ್ತದೆ.

ಈ ಮಾತು ನೀರಿನೊಳಗಿನ ಚಿತ್ರಗಳಿಗಷ್ಟೇ ಸೀಮಿತವಲ್ಲ. ನಮ್ಮ ಮನೆಗಳಲ್ಲಿರುವ ಹಳೆಯ ವರ್ಣಚಿತ್ರಗಳು ಮಾಸಿ ಕೆಂಪಾಗಿರುವುದುಂಟು. ಶಾಲೆಯ ವಾರ್ಷಿಕೋತ್ಸವದ ಚಿತ್ರಗಳೂ ಅವುಗಳಲ್ಲಿರಬಹುದು. ಅವನ್ನು ಸ್ಕ್ಯಾನ್ ಮಾಡಿಸಿ, ಬಣ್ಣದ ಸಮತೋಲ, ಕಪ್ಪಿನ ಮಟ್ಟ, ಛಾಯೆಗಳ ಹರವು ಎಂಬ ಇದೇ ಕ್ರಮದಲ್ಲಿ ಸರಿಪಡಿಸಬಹುದು. ಆದರೆ ಅಳಿದುಹೋದ ಮುಖವನ್ನು ಯಂತ್ರದಿಂದ ಹೊಸದಾಗಿ ಬರೆಯಿಸಿ ಅದನ್ನು ನಮ್ಮ ಅಜ್ಜನೆಂದು ಮೊಮ್ಮಕ್ಕಳಿಗೆ ತೋರಿಸುವುದು ಬೇಡ. ಮಸುಕಾಗಿದ್ದರೂ ಆ ಮೂಲಚಿತ್ರವೇ ಅಜ್ಜನಿಂದ ಹೊರಟು ಬಂದ ಬೆಳಕು. ಹಳೆಯ ವಿದ್ಯಾರ್ಥಿ ಬಂಧುಗಳು ಅಂತಹ ಚಿತ್ರಗಳನ್ನು ಎಸೆಯದೆ ಜೋಪಾನವಾಗಿಡಬೇಕೆಂದು ಪ್ರಾರ್ಥಿಸುತ್ತ, ಐವತ್ತು ವರ್ಷಗಳಿಂದ ಈ ಗಡಿನಾಡಿನ ಮಕ್ಕಳಿಗೆ ಕನ್ನಡದಲ್ಲಿ ಅರಿವು ನೀಡುತ್ತ ಬಂದ ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸುತ್ತೇನೆ.