ತೊಳೆಯುವ ಮುಂಚೆ ನೋಡು

ನಮ್ಮ ಸಂತೇಬೆನ್ನೂರಿನ ಕಡೆ ಟಿಲ್ಲರ್ ಎಂಜಿನ್ ಬಿಚ್ಚಿದರೆ ಮೆಕ್ಯಾನಿಕ್ ಅಣ್ಣ ಮೊದಲು ಮಾಡುವ ಕೆಲಸ, ಬೋಗುಣಿಗೆ ಡೀಸೆಲ್ ಸುರಿದು ಭಾಗಗಳನ್ನೆಲ್ಲ ಮುಳುಗಿಸುವುದು. ವಿಮಾನದ ಪಿಸ್ಟನ್ ಎಂಜಿನ್ನಿಗೆ ಈ ಅವಸರ ನಡೆಯುವುದಿಲ್ಲ. ಅಲ್ಲಿ ತೊಳೆಯುವುದಕ್ಕೂ ಮುಂಚೆ ಕಣ್ಣಿಗೆ ಕೆಲಸ. ಮೂಲೆಯಲ್ಲಿ ಕೂತ ಜಿಡ್ಡಿನಲ್ಲಿ ಲೋಹದ ಪುಡಿ ಮಿನುಗಿದರೆ ಒಳಗೆಲ್ಲೋ ಏನೋ ಸವೆಯುತ್ತಿದೆ ಎಂದರ್ಥ. ತೊಳೆದುಬಿಟ್ಟರೆ ಆ ಸಾಕ್ಷಿಯೇ ಹೋಯಿತು.

ಜೆಟ್ ಕಾಲದಲ್ಲಿ ಪಿಸ್ಟನ್ ಎಂಜಿನ್ ಎಲ್ಲಿದೆ ಅಂತೀರಾ? ಪೈಲಟ್ ಆಗಬೇಕೆನ್ನುವವರು ಮೊದಲು ಹಾರುವುದೇ ಇದರಲ್ಲಿ. ತರಬೇತಿ ಶಾಲೆಗಳಲ್ಲಿ ಕಾಣುವ ಸೆಸ್ನಾ 172 ವಿಮಾನಕ್ಕಿರುವುದು ಒಂದೇ ಎಂಜಿನ್. ಈಗಿನ ಮಾದರಿಯ ಲೈಕಮಿಂಗ್ ಎಂಜಿನ್ನನ್ನು ಸಾಮಾನ್ಯವಾಗಿ 2,000 ಗಂಟೆ ಹಾರಾಟ ಅಥವಾ 12 ವರ್ಷ, ಯಾವುದು ಮೊದಲೋ ಆಗ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕೆಂದು ತಯಾರಕರೇ ಹೇಳುತ್ತಾರೆ.

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ವಿಮಾನಗಳ ರಿಪೇರಿ ಕೇಂದ್ರವಾಗಿತ್ತು. 1951ರಲ್ಲಿ ಮೊದಲ ಬಾರಿ ಹಾರಿದ ನಮ್ಮದೇ ಎಚ್‌ಟಿ-2 ಕೂಡ ಪಿಸ್ಟನ್ ಎಂಜಿನ್ನಿನದೇ.

ತೊಳೆಯುವುದರಲ್ಲೂ ಸೂಕ್ಷ್ಮವಿದೆ. ಸೋಪು, ಕ್ಷಾರದ ನೀರು ಅಲ್ಯೂಮಿನಿಯಂ ಭಾಗದ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಉಳಿದುಬಿಟ್ಟರೆ, ಎಂಜಿನ್ ಕಾದಾಗ ಹೊರಬಂದು ಎಣ್ಣೆಯಲ್ಲಿ ನೊರೆ ಎಬ್ಬಿಸುತ್ತದೆ. ನೊರೆ ಎದ್ದ ಎಣ್ಣೆ ಬೇರಿಂಗನ್ನು ಕಾಯುವುದಿಲ್ಲ. ಪಿಸ್ಟನ್ ತಲೆಯ ಮೇಲೆ ಕಪ್ಪಗೆ ಕಟ್ಟಿದ ಇಂಗಾಲವನ್ನು ರಾಸಾಯನಿಕದಲ್ಲಿ ನೆನೆಸಿ ಮೆತ್ತಗಾಗಿಸುತ್ತಾರೆ. ಜಗ್ಗದೆ ಉಳಿದದ್ದನ್ನು ಗಾಳಿಯ ಒತ್ತಡದಲ್ಲಿ ತರಿ ಚಿಮ್ಮಿಸಿ ತೆಗೆಯುತ್ತಾರೆ. ಯಾವ ತರಿ ಗೊತ್ತೇ? ಅಕ್ರೋಟ್ ಚಿಪ್ಪಿನದು, ಕೆಲವೊಮ್ಮೆ ಅಕ್ಕಿ! ಭದ್ರಾ ನಾಲೆಯ ನೀರಲ್ಲಿ ಭತ್ತ ಬೆಳೆಯುವ ನಮಗೆ ಕೇಳಲು ಮಜವೇ. ಇಂಗಾಲ ಕೀಳುವಷ್ಟು ಗಟ್ಟಿ, ಮರಳಿನಂತೆ ಲೋಹ ತರಚುವಷ್ಟು ಒರಟಲ್ಲ. ಆದರೆ ಎಣ್ಣೆ ಹರಿಯುವ ತೂತುಗಳನ್ನೆಲ್ಲ ಮೊದಲೇ ಮುಚ್ಚಿರಬೇಕು.

ಆಮೇಲೆ ಬಿರುಕಿನ ಬೇಟೆ. ಉಕ್ಕಿನ ಕ್ರ್ಯಾಂಕ್‌ಶಾಫ್ಟನ್ನು ಕಾಂತವಾಗಿಸಿ ಕಬ್ಬಿಣದ ಸಣ್ಣ ಕಣಗಳಿರುವ ದ್ರವ ಹರಿಸಿದರೆ, ಬಿರುಕಿದ್ದಲ್ಲಿ ಕಣಗಳು ಗೆರೆಯಂತೆ ಸಾಲುಗಟ್ಟುತ್ತವೆ. ಕೊನೆಗೆ ಆ ಕಾಂತತ್ವ ತೆಗೆಯಲೇಬೇಕು, ಇಲ್ಲವಾದರೆ ಎಂಜಿನ್ನಿನೊಳಗಿನ ಉಕ್ಕಿನ ಪುಡಿಯನ್ನೆಲ್ಲ ಅದೇ ಸೆಳೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಕಾಂತಕ್ಕೆ ಬಗ್ಗದು. ಅದಕ್ಕೆ ಬಣ್ಣದ ದ್ರವ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಬಳಿಯುತ್ತಾರೆ. ಬಿರುಕಿನೊಳಗೆ ಇಂಗಿದ ಬಣ್ಣ ಮೇಲಕ್ಕೆ ಜಿನುಗಿ ಗುಟ್ಟು ಬಿಡುತ್ತದೆ. ಬಿರುಕಿನ ಬಾಯಿಗೆ ಜಿಡ್ಡು ಕಟ್ಟಿದ್ದರೆ ಬಣ್ಣ ಒಳಗೇ ಇಳಿಯದೆ, ಕೆಟ್ಟ ಭಾಗವೂ ಪಾಸಾಗಿಬಿಡುತ್ತದೆ. ಮೊದಲ ಬಾರಿ ಒಬ್ಬಂಟಿಯಾಗಿ ಹಾರುವ ಹುಡುಗಿಯ ಜೀವ ಹೀಗೆ ತೊಳೆಯುವವನ ಕೈಯಲ್ಲೂ ಇರುತ್ತದೆ.

ನಮ್ಮೂರ ಮಕ್ಕಳಿಗೆ ವಿಮಾನವೆಂದರೆ ಪೈಲಟ್ ಮಾತ್ರ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ವಿಮಾನ ನಿರ್ವಹಣಾ ಎಂಜಿನಿಯರ್ ಕೋರ್ಸಿನ ಬಗ್ಗೆಯೂ ಯೋಚಿಸಬಹುದು. ಲೈಸೆನ್ಸ್ ಕೊಡುವುದು ಡಿಜಿಸಿಎ. ಪಿಸ್ಟನ್ ಎಂಜಿನ್ ವಿಮಾನಗಳಿಗೆ ಬಿ1.2 ಎಂಬ ಪ್ರತ್ಯೇಕ ವರ್ಗವೇ ಇದೆ. ಅಡಿಕೆ ಮಾರಿದ ದುಡ್ಡನ್ನು ಫೀಸಿಗೆ ಕಟ್ಟುವ ಮುನ್ನ ಆ ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಇದೆಯೇ, ಯಾವ ವರ್ಗಕ್ಕೆ ಇದೆ ಎಂದು ಕೇಳಿ ತಿಳಿದುಕೊಳ್ಳಿ.