ಜಾಲತಾಣದ ನಮೂನೆಯಲ್ಲಿ ಕನ್ನಡ: ವರ್ತಕರು ಗಮನಿಸಬೇಕಾದ ಅಂಶಗಳು

ಆನವಟ್ಟಿಯ ಅಡಿಕೆ ವರ್ತಕರೊಬ್ಬರ ಜಾಲತಾಣದಲ್ಲಿ ಗ್ರಾಹಕರು ತಮ್ಮ ವಿಳಾಸವನ್ನು ಕನ್ನಡದಲ್ಲಿ ತುಂಬುತ್ತಾರೆಂದು ಭಾವಿಸಬಹುದು. ಸರಕು ರವಾನಿಸುವ ವೇಳೆಗೆ ಪಟ್ಟಿಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಮೂಟೆ ಯಾವ ಊರಿಗೆ ಹೋಗಬೇಕು?

ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳ ರೂಪದಲ್ಲಿ ಸಂಗ್ರಹಿಸುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಶಿಷ್ಟತೆಯು ನಿಗದಿಪಡಿಸುತ್ತದೆ. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. 'ಆನವಟ್ಟಿ' ಎಂಬುದು ಕಣ್ಣಿಗೆ 4 ಅಕ್ಷರವಾದರೂ ಒತ್ತು ಮತ್ತು ಗುಣಿತದ ಚಿಹ್ನೆಗಳು ಸೇರಿ 7 ಸಂಕೇತ, ಅಂದರೆ 21 ಬೈಟ್. ಅಂಕಣಕ್ಕೆ 20 ಬೈಟ್ ಮಾತ್ರ ನೀಡಿದ್ದರೆ ಹೆಸರು ಪೂರ್ಣವಾಗಿ ಹಿಡಿಸುವುದಿಲ್ಲ.

ನಮೂನೆಯ ಪುಟ, ಪುಟದಿಂದ ದತ್ತಸಂಚಯಕ್ಕೆ ಇರುವ ಸಂಪರ್ಕ, ದತ್ತಸಂಚಯದ ಕೋಷ್ಟಕ, ಈ ಮೂರೂ ಒಂದೇ ಸಂಕೇತಕ್ರಮವನ್ನು ಅನುಸರಿಸಬೇಕು. ಕೋಷ್ಟಕವು ಲ್ಯಾಟಿನ್ ಕ್ರಮದಲ್ಲಿದ್ದು ಕನ್ನಡಕ್ಕೆ ಸ್ಥಾನವಿಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆಯೇ ದಾಖಲಾಗುತ್ತದೆ. ಮೂಲ ಹೆಸರನ್ನು ಅದರಿಂದ ಮರಳಿ ಪಡೆಯಲಾಗದು. ಅರ್ಥವಾಗದ ವಿದೇಶಿ ಅಕ್ಷರಗಳು ಕಂಡುಬಂದರೆ ಮಾತ್ರ ಬೈಟ್‌ಗಳು ಉಳಿದಿರುವ ಸಂಭವವುಂಟು. ಅಂತಹ ದಾಖಲೆಗಳನ್ನು ಅಳಿಸದೆ ತಜ್ಞರಿಗೆ ತೋರಿಸುವುದು ಲೇಸು. ಮೈಎಸ್‌ಕ್ಯೂಎಲ್ ಬಳಸುವವರು 'ಯುಟಿಎಫ್8ಎಂಬಿ4' ಆಯ್ಕೆಯನ್ನು ಆರಿಸಿಕೊಳ್ಳಬೇಕು. 2018ರಲ್ಲಿ ಬಂದ 8.0 ಆವೃತ್ತಿಯಿಂದ ಇದೇ ಪೂರ್ವನಿಯೋಜಿತ ಕ್ರಮವಾಗಿದೆ. ಹಳೆಯ ಆವೃತ್ತಿಗಳಲ್ಲಿ ಲ್ಯಾಟಿನ್ ಕ್ರಮವಿತ್ತು.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಗ್ರಾಹಕರ ಪಟ್ಟಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ನಂತರವೇ ಸೇರಿಸಬೇಕು. ಇನ್ನೊಂದು ಸೂಕ್ಷ್ಮವೂ ಇದೆ. 'ಸೊರಬ' ಎಂಬಲ್ಲಿನ ಒತ್ವವನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ದಾಖಲಿಸಬಹುದು. ನೋಟಕ್ಕೆ ಎರಡೂ ಒಂದೇ ಆದರೂ ಹುಡುಕುವಾಗ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗಬಹುದು. ಆದುದರಿಂದ ಸಂಗ್ರಹಿಸುವ ಮೊದಲೇ ಎಲ್ಲವನ್ನೂ ಏಕರೂಪಕ್ಕೆ ತರುವ ವ್ಯವಸ್ಥೆ ಇರಬೇಕು. 2010ರಲ್ಲಿ ಯೂನಿಕೋಡ್ ಸೇರಿದ ರೂಪಾಯಿ ಚಿಹ್ನೆ ₹ ಕೂಡ ಇದೇ ಎಚ್ಚರಿಕೆಯನ್ನು ಬೇಡುತ್ತದೆ.

ತಂತ್ರಾಂಶ ಸಿದ್ಧಪಡಿಸಿದವರಿಗೆ ಪೂರ್ಣ ಹಣ ಪಾವತಿಸುವ ಮುನ್ನ 'ಸೊರಬ', 'ಆನವಟ್ಟಿ', '₹' ಇವುಗಳನ್ನು ನಮೂನೆಯಲ್ಲಿ ತುಂಬಿ, ಉಳಿಸಿ, ಹುಡುಕಿ, ಮುದ್ರಿಸಿ ನೋಡುವುದು ಒಳಿತು. ನಾಲ್ಕೂ ಹಂತಗಳಲ್ಲಿ ಅಕ್ಷರಗಳು ಯಥಾವತ್ತಾಗಿ ಉಳಿದರೆ ಮಾತ್ರ ಕೆಲಸ ಪೂರ್ಣವಾಯಿತೆಂದು ಒಪ್ಪಿಕೊಳ್ಳಬೇಕು.